ಸ್ಟೀರಿಂಗೋ, ಸೀಟೋ

ಮಾರ್ಚ್ 4, ಸೋಮವಾರ

ಬರೆಯುವ ಚಟ ನನಗಿಲ್ಲ. ಮೆಕ್ಯಾನಿಕ್ ಹೇಳಿದ್ದಾನೆ, ಅದಕ್ಕೆ ಬರೆಯುತ್ತಿದ್ದೇನೆ. ಪಿಕಪ್ ಯಾವಾಗ ಅದುರುತ್ತದೆ, ಎಷ್ಟು ಸ್ಪೀಡಿನಲ್ಲಿ, ಲೋಡ್ ಇದ್ದಾಗಲೋ ಇಲ್ಲದಾಗಲೋ, ಹೆಚ್ಚು ಸ್ಟೀರಿಂಗಿನಲ್ಲೋ ಸೀಟಿನಲ್ಲೋ. "ಬಾಯಲ್ಲಿ ಹೇಳ್ಬೇಡಿ. ಬಾಯಲ್ಲಿ ಹೇಳೋರೆಲ್ಲ ಸುಳ್ಳು ಹೇಳ್ತಾರೆ. ಬರ್ಕೊಂಡು ಬನ್ನಿ" ಎಂದ. ಒಂದು ಸಲ ನೀವೇ ಓಡಿಸಿ ನೋಡಿ ಎಂದರೆ, "ನಾನು ಹತ್ತಿದ್ರೆ ಯಾವ ಗಾಡೀನೂ ಅದುರಲ್ಲ. ನನ್ ಮುಖ ಕಂಡ್ರೆ ಅವಕ್ಕೆ ಭಯ" ಎಂದ.

ಅಂಗಡಿಯ ಅಳತೆ ಪುಸ್ತಕದ ಮುಂದಿನ ಹಾಳೆಯಲ್ಲಿ ಅವನಿಗೆ ಬೇಕಾದದ್ದು ಬರೆದು ಹರಿದು ಕೊಡುತ್ತೇನೆ. ಪುಸ್ತಕವನ್ನು ಹಿಂದಿನಿಂದ ತಿರುಗಿಸಿ ಬರೆಯುತ್ತಿರುವ ಇದು ನನಗೆ.

ಇವತ್ತು ಮೂರನೆಯ ಗಾಜು ಹೋಯಿತು. ಹೆದ್ದಾರಿಯ ಆಚೆ ತುದಿಯಲ್ಲಿ ಶಾಲೆಯ ಹೊಸ ಕಟ್ಟಡ, ನೂರ ಹನ್ನೆರಡು ಕಿಟಕಿ. ಗಾಜು ಕತ್ತರಿಸುವುದು ನಾನು, ಅಂಚು ಉಜ್ಜುವುದು ನಾನು. ಪಿಕಪ್ಪಿನ ಹಿಂದೆ ಮರದ ಚೌಕಟ್ಟಿಗೆ ಒರಗಿಸಿ, ನಡುವೆ ರಬ್ಬರ್ ಪಟ್ಟಿ ಕೊಟ್ಟು ಹಗ್ಗ ಬಿಗಿಯುವುದೂ ನಾನು. ಓಡಿಸುವುದು ಮಾತ್ರ ಅಣ್ಣ. ಇಪ್ಪತ್ತಾರು ವರ್ಷ ಹಾಗೇ ನಡೆಯಿತು. ಚಿಕ್ಕಂದಿನಲ್ಲೇ ಗಾಜಿನ ಚೂರು ಹೊಕ್ಕು ನನ್ನ ಎಡಗಣ್ಣು ಹೋಗಿದೆ, ನನಗೆ ಲೈಸೆನ್ಸ್ ಕೊಡುವುದಿಲ್ಲ.

ಅಣ್ಣ ಹೋಗಿ ಇವತ್ತಿಗೆ ನಲವತ್ತೊಂದು ದಿನ. ಈಗ ಓಡಿಸುವುದು ಅವನ ಹೆಂಡತಿ. ಎಂದೋ ಹುರುಪಿಗೆ ಅಣ್ಣನೇ ಕಲಿಸಿ ಲೈಸೆನ್ಸ್ ಮಾಡಿಸಿದ್ದ. ಪೇಟೆಯೊಳಗೆ ಓಡಿಸಿದ್ದಾಳೆ, ಗಾಜು ಹೇರಿಕೊಂಡು ಹೆದ್ದಾರಿಗೆ ಹೋದವಳಲ್ಲ. ಎದುರಿಗೆ ಅತ್ತಿಗೆ ಎನ್ನಬೇಕು, ನೀವು ಎನ್ನಬೇಕು. ಇಲ್ಲಿ ಯಾರ ಹಂಗೂ ಇಲ್ಲ. ಅವಳು ಗಾಡಿಯನ್ನು ಹಾಳು ಮಾಡಿದ್ದಾಳೆ. ಇಷ್ಟೇ ವಿಷಯ.

ಇದು ನನಗೆ ಗೊತ್ತು, ಯಾಕೆಂದರೆ ಅವಳ ಕೈಗೆ ಗಾಡಿಯನ್ನು ಕೊಟ್ಟವನು ನಾನು. ಅಣ್ಣ ಹೋದಮೇಲೆ ನಾಲ್ಕು ದಿನ ಬೇರೇನೂ ಮಾಡಲು ತೋಚದೆ ಆ ಗಾಡಿಯನ್ನೇ ತೊಳೆದೆ. ಅಡಿಯಲ್ಲಿ ಮಲಗಿ ಸೀಮೆಎಣ್ಣೆ, ತಂತಿಯ ಬ್ರಷ್ಷು ಹಿಡಿದು ವರ್ಷಗಳ ಕೆಸರು, ಗ್ರೀಸು ಎಲ್ಲ ಕೆರೆದೆ. ಅಣ್ಣನಿಗೆ ಎಲ್ಲವನ್ನೂ ಎಲ್ಲೆಲ್ಲೋ ಸಿಕ್ಕಿಸಿಡುವ ಅಭ್ಯಾಸ. ಹಿಂದಿನ ಚಕ್ರಕ್ಕೆ ಹೋಗುವ ಉದ್ದ ಶಾಫ್ಟಿನ ಮೇಲೂ, ಪೈಪೇ ಇಲ್ಲದ ಕಡೆ, ನೀರಿನ ಪೈಪಿಗೆ ಬಿಗಿಯುವ ಎರಡು ಕ್ಲಿಪ್ ಬಿಗಿದಿಟ್ಟಿದ್ದ. ಬಿಚ್ಚಿಕೊಂಡು ಬಂದು ಅಂಚು ಉಜ್ಜುವ ಯಂತ್ರದ ನೀರಿನ ಪೈಪಿಗೆ ಹಾಕಿದೆ. ಅದು ಸೋರಿ ಸೋರಿ ಸಾಕಾಗಿತ್ತು. ಆ ಮಟ್ಟಕ್ಕೆ ಚೊಕ್ಕ ಮಾಡಿ ಕೊಟ್ಟ ಗಾಡಿ. ಒಂದು ವಾರಕ್ಕೆ, ಅವಳು ಹೆದ್ದಾರಿಗೆ ಇಳಿಸಿದ್ದೇ ತಡ, ಅದುರತೊಡಗಿತು.

ಮೆಕ್ಯಾನಿಕ್‌ಗೆ ಬರೆದದ್ದು: ಎಪ್ಪತ್ತೈದಕ್ಕೆ ಶುರು. ಎಂಬತ್ತರಿಂದ ಎಂಬತ್ತೈದಕ್ಕೆ ಜೋರು. ಲೋಡ್ ಇದ್ದರೂ ಇಲ್ಲದಿದ್ದರೂ. ಹೆಚ್ಚು: ಸ್ಟೀರಿಂಗ್. ಕಣ್ಣಾರೆ ನೋಡಿದ್ದೇನೆ. ಎಂಬತ್ತು ಮುಟ್ಟಿದಾಗ ಅವಳ ಎರಡು ಕೈಯೂ ಸ್ಟೀರಿಂಗಿನ ಮೇಲೆ ಗಡಗಡ ಎನ್ನುತ್ತವೆ.

ಮಾರ್ಚ್ 6, ಬುಧವಾರ

ಮೆಕ್ಯಾನಿಕ್ ಹಾಳೆಯನ್ನು ಮೂಗಿನ ಹತ್ತಿರ ಹಿಡಿದು ಓದಿದ. "ಸ್ಟೀರಿಂಗ್ ಅದುರಿದ್ರೆ ರೋಗ ಮುಂದೆ. ಸೀಟು ಅದುರಿದ್ರೆ ರೋಗ ಹಿಂದೆ. ಇಷ್ಟು ಗೊತ್ತಾದ್ರೆ ನೀವು ಅರ್ಧ ಮೆಕ್ಯಾನಿಕ್. ಇನ್ನರ್ಧ ಆಗ್ಬೇಡಿ, ನನ್ನ ಹೊಟ್ಟೆ ಮೇಲೆ ಹೊಡೀಬೇಡಿ."

ಮುಂದಿನ ಚಕ್ರಗಳನ್ನು ಬಿಚ್ಚಿ ಬ್ಯಾಲೆನ್ಸಿಂಗ್ ಮಾಡಿದ. ಅಂಚಿಗೆ ಸಣ್ಣ ಸೀಸದ ತುಂಡು ಬಡಿದ. ಹೆದ್ದಾರಿಗೆ ಬಂದೆವು. ಎಪ್ಪತ್ತು. ಎಪ್ಪತ್ತೈದು. ಹಿಂದೆ ಗಾಜುಗಳು ಹಲ್ಲು ಕಡಿಯುವ ಸದ್ದು ಶುರುವಾಯಿತು.

"ಗೇರ್ ಹಾಕೋದು ತಪ್ಪಿದ್ರೆ ಹೀಗೇ ಆಗೋದು" ಎಂದೆ.

"ನಿಮಗೆ ಗೇರ್ ಗೊತ್ತಾ?"

"ಇಪ್ಪತ್ತಾರು ವರ್ಷ ಪಕ್ಕದಲ್ಲಿ ಕೂತಿದೀನಿ."

"ಇಪ್ಪತ್ತಾರು ವರ್ಷ ಆಸ್ಪತ್ರೆ ಬೆಂಚ್ ಮೇಲೆ ಕೂತ್ರೆ ಡಾಕ್ಟರ್ ಆಗಿಬಿಡ್ತಾರಾ?"

ನಾನು ಕಿಟಕಿಯ ಕಡೆ ತಿರುಗಿದೆ. ನನಗೆ ಮೀಸೆ ಮೂಡುವ ಮೊದಲೇ ಈ ಮನೆಗೆ ಬಂದವಳು. ಅಂದಿನಿಂದ ಏನೋ, ಬಾರೋ, ತಿನ್ನೋ ಎಂದೇ ಕರೆದವಳು. ಅಣ್ಣ ಹೋದ ದಿನದಿಂದ 'ನೀವು'. ಅಂಗಡಿಗೆ ಬರುವ ಗಿರಾಕಿಗೆ ಹೇಳುವ ಹಾಗೆ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವಳು ರಸ್ತೆ ಡೊಂಕು ಎನ್ನುತ್ತಾಳೆ.

ಮಾರ್ಚ್ 7, ಗುರುವಾರ

ಅಣ್ಣ ಹೋದಮೇಲೆ ನಿದ್ದೆ ಇಲ್ಲ. ಇವತ್ತೂ ಇಲ್ಲ. ಬೆಳಗ್ಗೆ ಗಾಜು ಕತ್ತರಿಸುವಾಗ ವಜ್ರದ ಮೊನೆ ಗೆರೆ ತಪ್ಪಿತು. ಎರಡು ಕಿಟಕಿಯ ಗಾಜು ದಂಡ. ಅದು ಅವಳ ಲೆಕ್ಕಕ್ಕೆ ಬರುವುದಿಲ್ಲ, ನನ್ನದು.

ಮಾರ್ಚ್ 11, ಸೋಮವಾರ

ಮುಂದಿನ ಎರಡೂ ಟೈರು ಹೊಸದು ಹಾಕಿದ್ದಾಯಿತು. ಹಳೆಯ ಟೈರಿನ ಒಳಗೆ ಉಬ್ಬು ಇರಬಹುದು ಎಂದ ಮೆಕ್ಯಾನಿಕ್. ಬಿಚ್ಚಿ ನೋಡಿದರೆ ಉಬ್ಬೂ ಇಲ್ಲ, ಗಿಬ್ಬೂ ಇಲ್ಲ. "ಇರಲಿ, ಹೊಸದಾಯ್ತಲ್ಲ" ಎಂದ. ಎಂಬತ್ತಕ್ಕೆ ಮತ್ತೆ ಅದೇ ಅದುರು. ನಾಲ್ಕನೆಯ ಗಾಜು ಮೂಲೆಯಿಂದ ಮೂಲೆಗೆ ಸೀಳಿತು. ನಿಧಾನ ಹೋಗೋಣವೆಂದರೆ ಆ ರಸ್ತೆಯಲ್ಲಿ ಲಾರಿಗಳು ಹಿಂದಿನಿಂದ ಹಾರ್ನ್ ಹೊಡೆದು ತಿಂದುಹಾಕುತ್ತವೆ. ಎರಡು ಸಲ ಅರವತ್ತರಲ್ಲಿ ಹೋಗಿ, ಎರಡು ಸಲವೂ ರಸ್ತೆಯಿಂದ ಕೆಳಗಿಳಿದು ನಿಲ್ಲಬೇಕಾಯಿತು.

ಕಟ್ಟಡದ ಮೇಸ್ತ್ರಿ ಒಡೆದ ಗಾಜನ್ನು ಬೂಟಿನ ತುದಿಯಿಂದ ತಳ್ಳಿದ. ಅವಳನ್ನು ಬಿಟ್ಟು ನನ್ನನ್ನು ನೋಡಿ ಹೇಳಿದ. "ನಿಮ್ಮಣ್ಣನ ಮುಖ ನೋಡಿ ಕೊಟ್ಟ ಕೆಲಸ ಇದು. ಈ ತಿಂಗಳೊಳಗೆ ಉಳಿದ ಗಾಜು ಇಡಿಯಾಗಿ ಬರ್ಬೇಕು. ಇನ್ನೊಂದು ಒಡೆದ್ರೆ ಬೇರೆಯವರಿಗೆ ಹೇಳ್ತೀನಿ."

ವಾಪಸು ಬಂದರೆ ಅಂಗಡಿಯ ಮುಂದೆ ಹಾಲಿನವನು ಕಾದಿದ್ದ. ಪಿಕಪ್ ಕೊಡುತ್ತೀರಂತೆ, ಕೇಳಿದೆ, ಎಂದ. ಯಾರು ಹೇಳಿದರೋ. ಅದುರುತ್ತದೆ ಎಂದೆ. "ಅದುರಲಿ ಬಿಡಿ. ಮನೆ ಮುಟ್ಟೋದ್ರೊಳಗೆ ಬೆಣ್ಣೆ ಬಂದಿರುತ್ತೆ" ಎಂದು ಹಲ್ಲು ಕಿರಿದ. ಅವಳು ನಕ್ಕಳು. ಅಣ್ಣನ ಗಾಡಿಯನ್ನು ಹಾಲಿನವನಿಗೆ ಕೊಡುವ ಮಾತಿಗೆ ನಕ್ಕಳು.

ಮಾರ್ಚ್ 13, ಬುಧವಾರ

ಮಾತಿಲ್ಲ. ಅಂಗಡಿಯ ಮೇಲಿನ ಮನೆಯಿಂದ ಇಳಿದು, ಊಟದ ತಟ್ಟೆಯನ್ನು ಮೆಟ್ಟಿಲ ಮೇಲೆ ಇಟ್ಟು ಹೋಗುತ್ತಾಳೆ. ತೊಳೆದು ಅಲ್ಲೇ ಇಡುತ್ತೇನೆ.

ಮಾರ್ಚ್ 16, ಶನಿವಾರ

ಇವತ್ತು ಆಗಬಾರದ್ದು ಆಯಿತು.

ಮೆಕ್ಯಾನಿಕ್ ಅಲೈನ್‌ಮೆಂಟ್ ಮಾಡಿಸಿ ಕೊಟ್ಟಿದ್ದ. ಹೆದ್ದಾರಿಗೆ ಹೋಗಿ ಬಂದೆವು, ಖಾಲಿ. ಅದುರು ಕಡಿಮೆಯಾಗಿರಲಿಲ್ಲ. ನಾನು ಅವಳ ಕೈಯನ್ನೇ ನೋಡುತ್ತಿದ್ದೆ. ಅಂಗಡಿ ಮುಟ್ಟುವವರೆಗೂ ತಡೆದುಕೊಂಡೆ. ಇಳಿದಮೇಲೆ ಹೇಳಿಬಿಟ್ಟೆ.

"ಅಣ್ಣ ಇದ್ದಾಗ ಒಂದು ಗಾಜೂ ಒಡೆದಿರ್ಲಿಲ್ಲ. ತಪ್ಪು ಗಾಡೀದಲ್ಲ. ನಿಮ್ಮ ಕೈ ಸರಿಯಿಲ್ಲ."

ಕಿರುಚುತ್ತಾಳೆ ಎಂದುಕೊಂಡಿದ್ದೆ. ಕಿರುಚಲಿಲ್ಲ. ಗಾಡಿಯ ಬಾಗಿಲು ಹಾಕಿ, ಬೀಗ ತಿರುಗಿಸಿ, ಆಮೇಲೆ ನನ್ನ ಕಡೆ ನೋಡಿದಳು.

"ನನ್ನ ಕೈ ಸರಿಯಿಲ್ಲ. ಸರಿ. ನಿಮ್ಮ ಕಣ್ಣು? ಒಂದಾದ್ರೂ ನೆಟ್ಟಗಿದೆಯಲ್ಲ. ಅರ್ಧ ಗಂಟೆ ನೋಡ್ಕೊಂಡು ನಿಂತಿದ್ರಲ್ಲ, ಆಗ ಏನಾಗಿತ್ತು ಅದಕ್ಕೆ?"

ಅವಳು ಒಳಗೆ ಬಂದು ಗಾಡಿಯ ಕೀಲಿಯನ್ನು ಗಾಜು ಕತ್ತರಿಸುವ ಮೇಜಿನ ಮೇಲೆ ಇಟ್ಟಳು.

"ಮೂವತ್ತೊಂದಕ್ಕೆ ಹಾಲಿನವನು ಬಂದು ತಗೊಂಡು ಹೋಗ್ಲಿ. ಗಾಡಿ ಹೋದ್ಮೇಲೆ ಅಂಗಡಿ ಯಾಕೆ? ಅದಕ್ಕೂ ಬಾಗಿಲು ಹಾಕಿ."

ಮೇಜಿನ ಮೇಲಿನ ಗಾಜಿನ ಪುಡಿಯಲ್ಲಿ ಕೀಲಿ ಬಿದ್ದಿದೆ. ಮುಟ್ಟಿಲ್ಲ.

ಮಾರ್ಚ್ 17, ಭಾನುವಾರ

ಅರ್ಧ ಗಂಟೆಯ ವಿಷಯ. ಒಂದು ಸಲ ಬರೆದುಬಿಡುತ್ತೇನೆ.

ಆ ದಿನ ಮಧ್ಯಾಹ್ನ ಅಣ್ಣ ಗಾಜು ಇಳಿಸಿ ಬಂದು ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದ. ಎಂಜಿನ್ ಆಫ್ ಮಾಡಿದ ಸದ್ದು ಕೇಳಿತು. ಇಳಿಯಲಿಲ್ಲ. ನಾನು ಅಂಚು ಉಜ್ಜುತ್ತಿದ್ದವನು ತಲೆಯೆತ್ತಿ ನೋಡಿದೆ. ಸೀಟಿಗೆ ಒರಗಿ, ತಲೆಯನ್ನು ಪಕ್ಕದ ಕಿಟಕಿಗೆ ಆನಿಸಿದ್ದ. ದಣಿದಿದ್ದಾನೆ, ಒಂದು ಗಳಿಗೆ ಮಲಗಲಿ ಎಂದುಕೊಂಡೆ. ಸದ್ದಿಗೆ ಎಚ್ಚರವಾದೀತು ಎಂದು ಯಂತ್ರವನ್ನೂ ನಿಲ್ಲಿಸಿದೆ. ನಿಲ್ಲಿಸಿ, ಸುಮ್ಮನೆ ಚೂರುಗಳನ್ನು ಆರಿಸುತ್ತ ಕೂತೆ. ಆಗಾಗ ನೋಡುತ್ತಿದ್ದೆ. ಎಷ್ಟು ಚೆನ್ನಾಗಿ ನಿದ್ದೆ ಮಾಡುತ್ತಿದ್ದಾನೆ ಎಂದು ನೋಡುತ್ತಿದ್ದೆ.

ಅವಳು ಚಹಾ ಹಿಡಿದು ಮೇಲಿನಿಂದ ಇಳಿದು ಬಂದಳು. ಕಿಟಕಿಯ ಗಾಜಿಗೆ ಬೆರಳ ಗೆಣ್ಣಿನಿಂದ ಮೂರು ಸಲ ಬಡಿದಳು. ಅಷ್ಟೇ.

ಮೊದಲೇ ಎಬ್ಬಿಸಿದ್ದರೂ ಉಪಯೋಗವಿರಲಿಲ್ಲ ಎಂದರು ಡಾಕ್ಟರು. ಹೀಗೆ ಹೇಳುವುದು ಅವರ ಕಸುಬು.

ಮಾರ್ಚ್ 20, ಬುಧವಾರ

ಮೆಕ್ಯಾನಿಕ್ ತಾನಾಗಿ ಅಂಗಡಿಗೆ ಬಂದ. ಸ್ಕೂಟರಿನಿಂದ ಇಳಿಯುವ ಮೊದಲೇ ಬಯ್ಯತೊಡಗಿದ. "ಮೂರು ಸಲ ರಿಪೇರಿ ಮಾಡಿ ಒಂದು ಸಲಾನೂ ಸರಿಹೋಗದೇ ಇರೋ ಗಾಡಿ ನನ್ನ ಗ್ಯಾರೇಜಿನ ಇತಿಹಾಸದಲ್ಲೇ ಇಲ್ಲ. ಊರೆಲ್ಲ ಏನನ್ನುತ್ತೆ? ಕೀಲಿ ಕೊಡಿ."

ಕೀಲಿ ಮೇಜಿನ ಮೇಲೇ ಇತ್ತು. ಗದ್ದಲ ಕೇಳಿ ಅವಳು ಇಳಿದು ಬಂದಳು. ಎಲ್ಲರೂ ಬನ್ನಿ ಎಂದ. ಅವನು ಓಡಿಸಿದ, ಅವಳು ಪಕ್ಕದಲ್ಲಿ, ನಾನು ಹಿಂದೆ ಖಾಲಿ ಚೌಕಟ್ಟು ಹಿಡಿದು ಕೂತೆ. ಹೆದ್ದಾರಿಯಲ್ಲಿ ಎಂಬತ್ತು ಮುಟ್ಟಿದಾಗ ಅಡಿಯ ತಗಡು ನನ್ನ ಕುಂಡೆಯ ಕೆಳಗೆ ಜುಂ ಎಂದಿತು. ಅವನು ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿದ. ಎಂಜಿನ್ ಸದ್ದು ಇಳಿಯಿತು, ಅದುರು ಇಳಿಯಲಿಲ್ಲ. ಪಕ್ಕಕ್ಕೆ ನಿಲ್ಲಿಸಿ ಇಳಿದು ಬಂದ.

"ಎಂಜಿನ್ ಅಲ್ಲ. ಆಯ್ತು. ಸ್ಟೀರಿಂಗ್ ಅಂತ ಬರೆದೋರು ಯಾರು?"

"ನಾನೇ."

"ಹಿಡ್ಕೊಂಡು ನೋಡಿದ್ರಾ?"

"ಕಣ್ಣಲ್ಲಿ ನೋಡಿದೆ. ಅವರ ಕೈ ಗಡಗಡ..."

"ಸ್ಟೀರಿಂಗ್ ಬೆಣ್ಣೆ ಇದ್ದ ಹಾಗಿದೆ! ಎರಡು ಬೆರಳಲ್ಲಿ ಹಿಡಿದು ಬಂದೆ. ಅದುರೋದು ಸೀಟು. ನಾನು ಇಷ್ಟು ದಿನ ಮುಂದಿನ ಚಕ್ರ ತಿರುವುತ್ತಾ ಕೂತಿದೀನಿ. ಎತ್ತಿಗೆ ಜ್ವರ, ಎಮ್ಮೆಗೆ ಬರೆ!" ಅವಳ ಕಡೆ ತಿರುಗಿದ. "ನೀವಾದ್ರೂ ಹೇಳ್ಬಾರ್ದಾ ಅಮ್ಮಾ?"

"ನನ್ನನ್ನ ಯಾರು ಕೇಳಿದ್ರು?"

"ಈಗ ಕೇಳ್ತಿದೀನಿ. ಸ್ಟೀರಿಂಗ್ ಅದುರುತ್ತಾ?"

"ಸ್ಟೀರಿಂಗ್ ಅದುರಲ್ಲ. ಕೈ ಅದುರುತ್ತೆ. ನನ್ನ ಕೈ."

ಒಂದು ಲಾರಿ ಹಾದುಹೋಯಿತು.

"ಎಂಬತ್ತರಲ್ಲಿ ಮಾತ್ರ ಅಲ್ಲ" ಎಂದರು ಅತ್ತಿಗೆ. "ಹತ್ತಿ ಕೂತ ತಕ್ಷಣ ಶುರುವಾಗುತ್ತೆ. ಅವರು ಒರಗಿದ್ದ ಅದೇ ಸೀಟಲ್ವಾ."

ವಾಪಸು ಬರುವಾಗಲೂ ನಾನು ಹಿಂದೆಯೇ ಕೂತೆ.

ಮಾರ್ಚ್ 21, ಗುರುವಾರ

ಹೇಳಬಹುದಿತ್ತಲ್ಲ. ಒಂದು ಮಾತು. ಪಕ್ಕದಲ್ಲೇ ಕೂತಿದ್ದವನಿಗೆ.

ಮೂವತ್ತರ ಸ್ಪೀಡಿನಲ್ಲಿ ಆ ಕೈಗಳನ್ನು ನಾನು ಒಂದು ಸಲವೂ ನೋಡಿರಲಿಲ್ಲ. ಎಂಬತ್ತು ಬರುವುದನ್ನೇ ಕಾಯುತ್ತಿದ್ದೆ.

ಮಾರ್ಚ್ 23, ಶನಿವಾರ

ಗ್ಯಾರೇಜಿನ ಗುಂಡಿಯ ಮೇಲೆ ಗಾಡಿ. ಮೆಕ್ಯಾನಿಕ್ ಒಳಗೆ ಇಳಿದು ನನ್ನನ್ನೂ ಕರೆದ. ಹಿಂದಿನ ಚಕ್ರಗಳಲ್ಲಿ ದೋಷ ಸಿಗಲಿಲ್ಲ. ಆಮೇಲೆ ಉದ್ದ ಶಾಫ್ಟಿನ ಮೇಲೆ ಟಾರ್ಚ್ ಬಿಟ್ಟ. ಒಂದು ಕಡೆ ಕಾಸಿನಗಲದ ಬೆಸುಗೆಯ ಗುರುತು. "ಇಲ್ಲಿ ಶಾಫ್ಟ್ ಸಮವಾಗಿ ತಿರುಗ್ಲಿ ಅಂತ ಕಂಪನಿಯವರು ತೂಕಕ್ಕೆ ಅಂಟಿಸಿದ ತುಂಡು ಇತ್ತು. ಉದುರಿಹೋಗಿ ವರ್ಷಗಟ್ಲೆ ಆಗಿದೆ, ಗುರುತು ಹಳೇದು. ಅಂದ್ರೆ ವರ್ಷಗಟ್ಲೆ ಅದುರ್ಬೇಕಿತ್ತು. ನಿಮ್ಮಣ್ಣ ಯಾವತ್ತೂ ಈ ಕಂಪ್ಲೇಂಟ್ ಹಿಡ್ಕೊಂಡು ಬರ್ಲೇ ಇಲ್ಲ."

ಟಾರ್ಚ್ ಸ್ವಲ್ಪ ಹಿಂದೆ ಸರಿಯಿತು. ಶಾಫ್ಟಿನ ಸುತ್ತ ಎರಡು ಬಳೆಯ ಗುರುತು. ಅಷ್ಟಗಲ ಮಾತ್ರ ಬಣ್ಣ ಹೊಸದಾಗಿ ಉಳಿದಿತ್ತು.

"ಅದಕ್ಕೇ!" ಎಂದ ಮೆಕ್ಯಾನಿಕ್. "ನಿಮ್ಮಣ್ಣ ಕಳ್ಳ. ಪೈಪಿನ ಕ್ಲಿಪ್ ಬಿಗಿದಿದ್ದಾನೆ. ಕ್ಲಿಪ್ಪಿನ ಸ್ಕ್ರೂ ಇರುತ್ತಲ್ಲ, ಆ ತಲೆಯೇ ತೂಕ. ಸ್ವಲ್ಪ ಸ್ವಲ್ಪ ತಿರುಗಿಸಿ ತಿರುಗಿಸಿ, ಸರಿಯಾದ ಜಾಗದಲ್ಲಿ ಕೂರಿಸಿದ್ರೆ ಅದುರು ಮಾಯ. ಎಷ್ಟು ದಿನ ತಗೊಂಡ್ನೋ ಪುಣ್ಯಾತ್ಮ. ಆದ್ರೆ ಕ್ಲಿಪ್ ಎಲ್ಲಿ? ತಾನಾಗಿ ಬೀಳೋ ವಸ್ತು ಅಲ್ಲ ಅದು. ಯಾರೋ ಬಿಚ್ಚಿದಾರೆ. ಯಾವ ಕತ್ತೆ ಕೈ ಹಾಕ್ತೋ!"

ಗೊತ್ತಿಲ್ಲ ಎಂದೆ.

ಗೊತ್ತಿಲ್ಲ ಎಂದೆ ಎಂದು ಇಲ್ಲಿ ಬರೆಯುತ್ತಿದ್ದೇನೆ. ಎದುರಿಗೇ ಉಜ್ಜುವ ಯಂತ್ರವಿದೆ. ನೀರಿನ ಪೈಪಿಗೆ ಎರಡು ಕ್ಲಿಪ್. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ನಾನು ಹುಡುಕಿದ್ದಷ್ಟೇ ಅಲ್ಲ, ಕೂಸು ಕದ್ದವಳು ಅವಳೇ ಎಂದು ಬೀದಿಯಲ್ಲಿ ನಿಂತು ಹೇಳಿದೆ.

ಮಾರ್ಚ್ 24, ಭಾನುವಾರ

ಬೆಳಗ್ಗೆಯಿಂದ ಯೋಚಿಸಿದೆ. ಹೇಳದೇ ಇರಬಹುದು. ಹೊಸ ಕ್ಲಿಪ್ ಯಾವ ಅಂಗಡಿಯಲ್ಲೂ ಸಿಗುತ್ತವೆ. ಕತ್ತೆ ಯಾವುದು ಎಂದು ಯಾರಿಗೂ ತಿಳಿಯುವುದಿಲ್ಲ. ಇನ್ನು ಏಳು ದಿನಕ್ಕೆ ಹಾಲಿನವನು ಬರುತ್ತಾನೆ, ಅಲ್ಲಿಗೆ ಎಲ್ಲ ಮುಗಿಯುತ್ತದೆ.

ಮಧ್ಯಾಹ್ನ ಸ್ಕ್ರೂಡ್ರೈವರ್ ಹಿಡಿದು ಕ್ಲಿಪ್ ಸಡಿಲಿಸಿದೆ. ನಲ್ಲಿ ನಿಲ್ಲಿಸುವುದು ಮರೆತಿದ್ದೆ. ಪೈಪ್ ಕಿತ್ತುಕೊಂಡು ಮುಖದ ತುಂಬ ನೀರು. ಹಾಗೇ ಮೆಟ್ಟಿಲು ಹತ್ತಿದೆ. ಅಣ್ಣ ಹೋದಮೇಲೆ ಮೇಲಕ್ಕೆ ಹೋದದ್ದು ಇದೇ ಮೊದಲು.

ಅತ್ತಿಗೆ ಬಟ್ಟೆ ಮಡಿಸುತ್ತಿದ್ದರು. ಅಣ್ಣನ ಬಟ್ಟೆಗಳು. ನಾನು ಕ್ಲಿಪ್ಪುಗಳನ್ನು ಮಡಿಸಿದ ಅಂಗಿಯ ಪಕ್ಕ ಇಟ್ಟೆ.

"ಏನಿದು?"

ಹೇಳಿದೆ. ತೊಳೆದದ್ದು, ಬಿಚ್ಚಿದ್ದು, ಯಂತ್ರಕ್ಕೆ ಹಾಕಿದ್ದು. ನಿನ್ನೆ ಗೊತ್ತಿಲ್ಲ ಎಂದದ್ದನ್ನೂ ಹೇಳಿದೆ. ಗಲ್ಲದಿಂದ ನೀರು ಹಾಸಿಗೆಯ ಮೇಲೆ ತೊಟ್ಟಿಕ್ಕುತ್ತಿತ್ತು.

ಅವರು ಒಂದು ಕ್ಲಿಪ್ ಎತ್ತಿ ಬೆರಳಿಗೆ ಹಾಕಿ ತಿರುಗಿಸಿದರು. "ಇದನ್ನ ಕೂರಿಸೋವಾಗ ನಾನೇ ಓಡಿಸಿದ್ದು" ಎಂದರು. "ಮೂರು ಭಾನುವಾರ. ಅವರು ಗಾಡಿ ಅಡಿಗೆ ಹೋಗಿ ತಿರುಗಿಸೋರು, ನಾನು ಓಡಿಸೋದು. ಹಿಂದೆ ಕೂತು ಚೌಕಟ್ಟು ಹಿಡ್ಕೊಂಡು ಇನ್ನೂ ಇದೆ, ಇನ್ನೂ ಇದೆ ಅನ್ನೋರು. ಏನು ಕಟ್ಟಿದಾರೆ ಅಂತ ನಾನು ಕೇಳ್ಲೇ ಇಲ್ಲ. ಗಾಡಿ ಸುತ್ತಾಡೋದೇ ಖುಷಿ ಆಗ."

ಆಮೇಲೆ ದನಿ ಬದಲಾಯಿತು. "ಒಂದೂವರೆ ತಿಂಗಳು. ಒಂದೂವರೆ ತಿಂಗಳು ನನ್ನ ಕೈಗೆ ಬೈದ್ರಿ. ನಾನೂ ನಂಬಿಬಿಟ್ಟಿದ್ದೆ. ನಾನು ಕೂತ್ರೆ ಅವರ ಗಾಡಿಗೂ ಇಷ್ಟವಿಲ್ಲ ಅಂತ."

"ತಪ್ಪಾಯ್ತು."

"ಆಯ್ತು ತಾನೆ? ಹಾಗಾದ್ರೆ ನೀವೇ ಅಡಿಗೆ ಹೋಗಿ ಮಲಗಿ. ತಿರುಗಿಸಿ. ಎಷ್ಟು ಸಲ ಬೇಕಾದ್ರೂ. ನಾನು ಓಡಿಸ್ತೀನಿ. ಆಮೇಲೆ ಮಾರೋದೋ ಬಿಡೋದೋ ನೋಡೋಣ." ನಾನು ಮೆಟ್ಟಿಲು ಇಳಿಯುತ್ತಿದ್ದಾಗ ಹಿಂದಿನಿಂದ, "ಮುಖ ಒರೆಸ್ಕೊಳ್ಳಿ ಮೊದಲು" ಎಂದು ಬೈದರು.

ಮಾರ್ಚ್ 26, ಮಂಗಳವಾರ

ಕತ್ತೆ ನಾನೇ ಎಂದು ಮೆಕ್ಯಾನಿಕ್‌ಗೆ ಹೇಳಿದೆ. ಅವನು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ, "ಗಾಜಿನವರಿಗೆ ಸ್ವಚ್ಛತೆ ಜಾಸ್ತಿ" ಎಂದ. ಅಷ್ಟಕ್ಕೇ ಬಿಟ್ಟ.

ಗಾಜಿಗೆ ಗುರುತು ಹಾಕುವ ಬಿಳಿ ಪೆನ್ಸಿಲಿನಿಂದ ಶಾಫ್ಟಿನ ಸುತ್ತ ಒಂದರಿಂದ ಎಂಟರವರೆಗೆ ಬರೆದೆ. ಬಳೆಯ ಗುರುತಿನಿಂದ ಕ್ಲಿಪ್ ಎಲ್ಲಿತ್ತು ಎಂಬುದು ತಿಳಿಯಿತು. ಸ್ಕ್ರೂವಿನ ತಲೆ ಯಾವ ಕಡೆಗಿತ್ತು ಎಂಬುದು ತಿಳಿಯಲಿಲ್ಲ. ಅಣ್ಣ ಅದಕ್ಕೂ ಗುರುತು ಹಾಕಿದ್ದಿರಬಹುದು, ನನ್ನ ತಂತಿಯ ಬ್ರಷ್ಷು ತಿಂದಿರಬೇಕು.

ಹಿಂದೆ ಚೌಕಟ್ಟಿಗೆ ದಂಡವಾಗಿ ಬಿದ್ದಿದ್ದ ನಾಲ್ಕು ಗಾಜು ಕಟ್ಟಿಕೊಂಡು, ಅವುಗಳ ಮೇಲೆ ಅಂಗೈ ಇಟ್ಟು ಕೂತೆ. ಎಂಬತ್ತು ಮುಟ್ಟಿದಾಗ ಅತ್ತಿಗೆ ಹಿಂದಿನ ಕಿಟಕಿಗೆ ಒಂದು ಸಲ ಬಡಿಯಬೇಕು, ಗಾಜು ಅದುರಿದರೆ ನಾನು ಎರಡು ಸಲ ಬಡಿಯಬೇಕು ಎಂದು ಮಾಡಿಕೊಂಡೆವು.

ಸ್ಕ್ರೂಗಳ ತಲೆಯನ್ನು ಒಂದಕ್ಕೆ ಇಟ್ಟಾಗ ಗಾಜು ಕೈಯಿಂದ ಹಾರುವಷ್ಟು ಅದುರಿತು. ಮೂರಕ್ಕೆ ಸ್ವಲ್ಪ ವಾಸಿ. ಐದಕ್ಕೆ ಬರೀ ಜುಂ. ಏಳಕ್ಕೆ ಮತ್ತೆ ಕೆಟ್ಟಿತು. ಪ್ರತಿ ಸಲವೂ ರಸ್ತೆಯ ಪಕ್ಕದ ಬಯಲಿಗೆ ಇಳಿದು ಅಡಿಗೆ ನುಗ್ಗಬೇಕು. ಶಾಫ್ಟ್ ಬಿಸಿ, ಬೆನ್ನಿಗೆ ಕಲ್ಲು.

"ಸಾಕಾಯ್ತಾ?" ಎಂದು ಮೇಲಿನಿಂದ ಕೇಳಿದರು ಅತ್ತಿಗೆ. ನನಗೆ ಅವರ ಚಪ್ಪಲಿ ಮಾತ್ರ ಕಾಣುತ್ತಿತ್ತು.

"ಇಲ್ಲ."

"ಆಗಲಿ. ಇನ್ನೂ ಇಪ್ಪತ್ತು ಸಲ ಆಗ್ಬೇಕು ನನ್ನ ಲೆಕ್ಕದಲ್ಲಿ."

ಆರನೆಯ ಸುತ್ತಿನಲ್ಲಿ ಒಂದು ತಲೆಯನ್ನು ಐದಕ್ಕೂ ಇನ್ನೊಂದನ್ನು ಆರರ ಸಮೀಪಕ್ಕೂ ಇಟ್ಟೆ. ಕಿಟಕಿಗೆ ಬಡಿತ ಬಂತು. ಅಂಗೈಯ ಕೆಳಗೆ ಗಾಜು ತಣ್ಣಗಿತ್ತು. ಕಾದೆ. ಅವರು ಮತ್ತೆ ಬಡಿದರು, ಕೇಳಿಸಲಿಲ್ಲವೇನೋ ಎಂದು. ನಾನು ಬಡಿಯಲಿಲ್ಲ.

ಮಾರ್ಚ್ 28, ಗುರುವಾರ

ಶಾಲೆಯ ಉಳಿದ ಗಾಜನ್ನೆಲ್ಲ ಒಂದೇ ಸಲಕ್ಕೆ ಹೇರಿದೆವು. ಪೂರ್ತಿ ಲೋಡಿನಲ್ಲಿ ಹೇಗಿರುತ್ತದೆ, ಬರೆದು ತನ್ನಿ ಎಂದಿದ್ದ ಮೆಕ್ಯಾನಿಕ್. ಸ್ಟೀರಿಂಗ್ ಗಮನಿಸುವುದು ಅತ್ತಿಗೆ, ಉಳಿದದ್ದು ನಾನು. ಮುಂದೆ ಬಂದು ಕೂತ್ಕೊಳ್ಳಿ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಹಿಂದೆ ಚೌಕಟ್ಟಿನ ಪಕ್ಕ, ಕ್ಯಾಬಿನ್ನಿಗೆ ಬೆನ್ನು ಕೊಟ್ಟು ಕೂತೆ. ಬೆಳಗಿನ ಬಿಸಿಲು ಗಾಜುಗಳ ಅಂಚಿನಲ್ಲಿ ಹಸಿರಾಗಿ ಕೂತಿತ್ತು.

ಎಪ್ಪತ್ತು ದಾಟಿದ್ದು ತಿಳಿಯಿತು. ಒಂದು ಸಲ ಬಡಿದರು, ಎಂಬತ್ತು. ಅಂಗೈ ಇಟ್ಟೆ. ಏನೂ ಇಲ್ಲ. ಆಮೇಲಿನದು ಗೊತ್ತಿಲ್ಲ.

ತಲೆಯ ಹಿಂದೆಯೇ ಮೂರು ಸಲ ಬಡಿದ ಸದ್ದು. ಮತ್ತೆ ಮೂರು ಸಲ. ಕಣ್ಣು ಬಿಟ್ಟರೆ ಗಾಡಿ ರಸ್ತೆಯ ಪಕ್ಕ ನಿಂತಿತ್ತು. ನನ್ನ ತಲೆ ಹಿಂದಿನ ಕಿಟಕಿಗೆ ಆನಿಕೊಂಡಿತ್ತು. ಬಾಗಿಲು ತೆರೆದು ಅತ್ತಿಗೆ ಓಡಿ ಬಂದರು, ಚಪ್ಪಲಿ ಒಂದೇ ಕಾಲಿನಲ್ಲಿತ್ತು.

"ಏನೋ! ಏನೋ ಆಯ್ತು ನಿಂಗೆ?"

"ಏನಿಲ್ಲ. ನಿದ್ದೆ ಬಂತು."

ಅವರು ಪಕ್ಕದ ಹಲಗೆಯನ್ನು ಹಿಡಿದುಕೊಂಡು ನಿಂತರು. ಹಲಗೆಯ ಕೊಂಡಿ ಕಟಕಟ ಎನ್ನುತ್ತಿತ್ತು, ಎಂಜಿನ್ ಆಫ್ ಆಗಿತ್ತು.

"ನಿದ್ದೆ ಬಂತಂತೆ! ಕನ್ನಡೀಲಿ ನೋಡ್ತೀನಿ, ತಲೆ ಆ ಕಡೆ ಈ ಕಡೆ. ಎಷ್ಟು ಸಲ ಬಡೀಬೇಕೋ ಮೂಳ? ಇಪ್ಪತ್ತೆಂಟು ಗಾಜಿನ ಪಕ್ಕ ಯಾರಾದ್ರೂ ಮಲಗ್ತಾರೇನೋ? ಇನ್ಮೇಲೆ ಮಲಗೋದಾದ್ರೆ ಹೇಳಿ ಮಲಗು! ಹೇಳದೆ ಮಲಗಿದ್ರೆ ನೋಡು ಮತ್ತೆ!"

ಆಗಲಿ ಎಂದೆ. ಇಳಿದು ಹೋಗಿ ರಸ್ತೆಯಲ್ಲಿ ಬಿದ್ದಿದ್ದ ಇನ್ನೊಂದು ಚಪ್ಪಲಿ ತಂದುಕೊಟ್ಟೆ. ಹಾಕಿಕೊಳ್ಳುವಾಗಲೂ ಬೈಯುತ್ತಿದ್ದರು. "ಮುಂದೆ ಹತ್ತು" ಎಂದರು. ಹತ್ತಿ ಪಕ್ಕದ ಸೀಟಿನಲ್ಲಿ ಕೂತೆ.

ಇಪ್ಪತ್ತೆಂಟೂ ಇಡಿಯಾಗಿ ಇಳಿದವು. ಮೇಸ್ತ್ರಿ ಒಂದೊಂದನ್ನೂ ಬೆಳಕಿಗೆ ಹಿಡಿದು ಗೀರು ಹುಡುಕಿದ. ಸಿಗದೆ ಬೇಜಾರಾಯಿತು ಅವನಿಗೆ.

ವಾಪಸು ಬರುವಾಗ ಹಾಲಿನವನ ವಿಷಯ ಕೇಳಿದೆ. "ನಿನ್ನೇನೇ ಹೇಳ್ದೆ. ಇನ್ನು ಇದ್ರಲ್ಲಿ ಬೆಣ್ಣೆ ಬರಲ್ಲಪ್ಪಾ ಅಂತ" ಎಂದರು ಅತ್ತಿಗೆ. ಕೈ ಸ್ಟೀರಿಂಗಿನ ಮೇಲಿತ್ತು. ನಾನು ರಸ್ತೆ ನೋಡುತ್ತ ಕೂತೆ.

ನಾಳೆ ಮೆಕ್ಯಾನಿಕ್‌ಗೆ ಕೊಡಬೇಕಾದ ಹಾಳೆಯನ್ನು ಈಗ ಬರೆದೆ. ಪೂರ್ತಿ ಲೋಡ್. ವೇಗ ಎಂಬತ್ತು. ಸ್ಟೀರಿಂಗ್: ಇಲ್ಲ. ಗಾಜು: ಇಲ್ಲ. ಸೀಟು ಎಂಬ ಕಡೆ ಸ್ವಲ್ಪ ಹೊತ್ತು ಯೋಚಿಸಿದೆ. ಸುಳ್ಳು ಬರೆದರೆ ಅವನು ಬೈಯುತ್ತಾನೆ. ನಿದ್ದೆ ಬಂದಿತ್ತು, ಎಂದು ಬರೆದೆ.